ಗುಹೆಯ ಕಲ್ಲು, ನೀಲಗಿರಿಯ ಜೌಗು, ಸಮುದ್ರದ ಕೆಸರು: ಹಳೇ ಮಳೆಯ ಲೆಕ್ಕ ಸಿಗುವುದು ಹೇಗೆ?

ಪ್ರಶ್ನೆ: ನಾನು ಶಿರಸಿ ಕಡೆಯ ಅಡಿಕೆ ಬೆಳೆಗಾರ. ನಾಳೆ ಮಳೆ ಬರುತ್ತಾ ಇಲ್ವಾ ಅನ್ನೋದೇ ಎಷ್ಟೋ ಸಲ ತಪ್ಪುತ್ತದೆ. ಹಾಗಿದ್ದೂ ವಿಜ್ಞಾನಿಗಳು ಹತ್ತು ಸಾವಿರ ವರ್ಷ ಹಿಂದಿನ ಮಳೆಯನ್ನೂ ಐವತ್ತು ವರ್ಷ ಮುಂದಿನ ಸೆಕೆಯನ್ನೂ ಹೇಳುತ್ತಾರೆ. ಇದು ಹೇಗೆ? ಪತ್ರಿಕೆಯಲ್ಲಿ ನೋಡಿದರೆ ಒಬ್ಬರು ಭೂವಿಜ್ಞಾನಿ, ಒಬ್ಬರು ಕಾಡಿನ ಬಗ್ಗೆ ಓದಿದವರು, ಇನ್ನೊಬ್ಬರು ಗಣಿತದವರು. ಇವರೆಲ್ಲ ಹವಾಮಾನ ವಿಜ್ಞಾನಿಗಳಾ? ಒಬ್ಬರು ಹೇಳಿದ್ದನ್ನೇ ಇನ್ನೊಬ್ಬರು ಹೇಳುತ್ತಾ ಹೋಗುತ್ತಿರಬಹುದಲ್ಲ? ಇನ್ನೊಂದು ಮಾತು: ಪಿಯುಸಿ ಓದುತ್ತಿರುವ ನನ್ನ ಮಗಳಿಗೆ ಈ ಕಡೆ ಆಸಕ್ತಿ. ಮುಂದೆ ಏನು ಓದಿಸಬೇಕು?

ಉತ್ತರ: ನಾಳೆಯ ಮಳೆಯ ವಿಷಯ ಮೊದಲು ಮುಗಿಸಿಬಿಡೋಣ. ಮುಂದಿನ ಜುಲೈ 12ಕ್ಕೆ ಶಿರಸಿಯಲ್ಲಿ ಮಳೆ ಬರುತ್ತಾ ಅಂತ ಕೇಳಿದರೆ ನಾನು ಹೇಳಲಾರೆ, ಯಾರೂ ಹೇಳಲಾರರು. ಆದರೆ ಮುಂದಿನ ಜುಲೈ ತಿಂಗಳು ಏಪ್ರಿಲ್‌ಗಿಂತ ಒದ್ದೆಯಾಗಿರುತ್ತದೆ ಅಂತ ನೀವೇ ಕಣ್ಣುಮುಚ್ಚಿ ಹೇಳುತ್ತೀರಿ. ನಾಳೆಯದು ಇವತ್ತಿನ ಗಾಳಿ, ತೇವ, ಒತ್ತಡದ ಸಣ್ಣ ಸಣ್ಣ ವಿವರಗಳ ಮೇಲೆ ನಿಂತಿದೆ. ಆ ವಿವರದಲ್ಲಿ ಚೂರು ತಪ್ಪಿದರೂ ಒಂದೆರಡು ವಾರದೊಳಗೆ ಲೆಕ್ಕವೆಲ್ಲ ಕೆಡುತ್ತದೆ. ದೊಡ್ಡ ಕಾಲದ ಸರಾಸರಿ ನಿಂತಿರುವುದು ಬೇರೆಯದರ ಮೇಲೆ: ಬಿಸಿಲು ಎಷ್ಟು ಬೀಳುತ್ತದೆ, ಸಮುದ್ರ ಎಷ್ಟು ಬಿಸಿಯಿದೆ, ಗಾಳಿಯಲ್ಲಿ ಶಾಖ ಹಿಡಿದಿಡುವ ಅನಿಲ ಎಷ್ಟಿದೆ. ಎರಡೂ ಬೇರೆ ಬೇರೆ ಪ್ರಶ್ನೆಗಳು. ಒಂದರಲ್ಲಿ ಸೋತವರು ಇನ್ನೊಂದರಲ್ಲೂ ಸೋಲಬೇಕೆಂದೇನಿಲ್ಲ.

ನಿಮ್ಮ ಎರಡನೇ ಅನುಮಾನವೇ ನನಗೆ ಜಾಸ್ತಿ ಹಿಡಿಸಿತು. ಎಲ್ಲರೂ ಒಂದೇ ಮಾತು ಹೇಳುತ್ತಿದ್ದರೆ, ಒಬ್ಬರನ್ನು ನೋಡಿ ಇನ್ನೊಬ್ಬರು ಬರೆದರಾ ಅಂತ ಕೇಳಲೇಬೇಕು. ನಿಮ್ಮ ಜಿಲ್ಲೆಯಿಂದಲೇ ಶುರು ಮಾಡೋಣ.

ಉತ್ತರ ಕನ್ನಡದ ಕಾಡಿನಲ್ಲಿ ಅಕಳಗವಿ ಅಂತ ಒಂದು ಸುಣ್ಣಕಲ್ಲಿನ ಗುಹೆ ಇದೆ. ಇಂಥ ಗುಹೆಗಳ ನೆಲದಿಂದ ಮೇಲಕ್ಕೆ ಬೆಳೆಯುವ ಕಲ್ಲಿನ ಕಂಬಗಳಿಗೆ ಸ್ಟಾಲಗ್ಮೈಟ್ ಅನ್ನುತ್ತಾರೆ. ಮಳೆನೀರು ಮಣ್ಣಿನಲ್ಲಿ ಇಳಿಯುವಾಗ ಅಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿ ಸ್ವಲ್ಪ ಹುಳಿಯಾಗುತ್ತದೆ, ಸುಣ್ಣಕಲ್ಲನ್ನು ಕರಗಿಸಿಕೊಂಡು ಗುಹೆಯ ಚಾವಣಿಯಿಂದ ತೊಟ್ಟಿಕ್ಕುತ್ತದೆ. ಕೆಳಗೆ ಬಿದ್ದಲ್ಲಿ ಅನಿಲ ಹಾರಿಹೋಗಿ ಸುಣ್ಣ ಉಳಿಯುತ್ತದೆ. ವರ್ಷಕ್ಕೆ ಒಂದು ಮಿಲಿಮೀಟರ್, ಬಹಳ ಕಡೆ ಅದಕ್ಕಿಂತಲೂ ಕಡಿಮೆ. ಹೀಗೆ ಪದರದ ಮೇಲೆ ಪದರ. ಕಂಬವನ್ನು ಉದ್ದಕ್ಕೆ ಸೀಳಿ ನಯ ಮಾಡಿದರೆ ತಿಳಿ, ಗಾಢ ಗೆರೆಗಳು ಕಾಣುತ್ತವೆ. ಹಲ್ಲಿನ ಡಾಕ್ಟರ ಕೈಯಲ್ಲಿರುವಂಥ ಸಣ್ಣ ಡ್ರಿಲ್ಲಿನಿಂದ ಒಂದೊಂದು ಪದರದ ಚಿಟಿಕೆ ಪುಡಿ ತೆಗೆಯುತ್ತಾರೆ. ಪುಡಿಗೆ ಫಾಸ್ಫಾರಿಕ್ ಆಮ್ಲ ಬಿಟ್ಟರೆ ಅನಿಲ ಬರುತ್ತದೆ. ಆ ಅನಿಲವನ್ನು ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರಕ್ಕೆ ಕೊಡುತ್ತಾರೆ.

ಯಂತ್ರ ನೋಡುವುದು ಆಕ್ಸಿಜನ್ನಿನ ತೂಕವನ್ನು. ಆಕ್ಸಿಜನ್ ಪರಮಾಣುಗಳಲ್ಲಿ ಬಹುಪಾಲು 16ರ ತೂಕದವು, ಅಲ್ಲೊಂದು ಇಲ್ಲೊಂದು 18ರದ್ದು. ಮೋಡ ಮಳೆಯಾಗುವಾಗ ಭಾರದ್ದು ಮೊದಲು ಉದುರುತ್ತದೆ. ಮಳೆ ಸುರಿಯುತ್ತಲೇ ಇದ್ದರೆ ಉಳಿದ ಆವಿಯಲ್ಲಿ ಭಾರದ್ದು ಕಡಿಮೆಯಾಗುತ್ತಾ ಹೋಗುತ್ತದೆ. ಅಂದರೆ ನಮ್ಮ ಸೀಮೆಯಲ್ಲಿ ಜೋರು ಮಳೆಯ ವರ್ಷದ ನೀರು ಹಗುರ, ಬರಗಾಲದ ನೀರು ಭಾರ. ಆ ನೀರು ಬಿಟ್ಟುಹೋದ ಸುಣ್ಣಕ್ಕೂ ಅದೇ ಗುರುತು. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ (ಪಿಆರ್‌ಎಲ್) ಎಂ. ಜಿ. ಯಾದವ, ಆರ್. ರಮೇಶ್ ಮತ್ತು ಪುಣೆಯ ಜಿ. ಬಿ. ಪಂತ್ ಅಕಳಗವಿಯ ಒಂದು ಕಂಬದಿಂದ 331 ವರ್ಷಗಳ ಮಳೆಯ ಏರಿಳಿತ ಓದಿ 2004ರಲ್ಲಿ ಪ್ರಕಟಿಸಿದರು. ಭೌತವಿಜ್ಞಾನಿ ಗುಹೆಯಲ್ಲಿ ಏನು ಮಾಡ್ತಾನೆ ಅಂತ ಕೇಳುವವರಿಗೆ ನಾನು ಕೊಡುವ ಉತ್ತರ ಇದೇ.

ಪದರ ಎಣಿಸಲಾಗದಷ್ಟು ಹಳೆಯ ಕಲ್ಲಾದರೆ ಕಾಲ ಹೇಳಲು ಬೇರೆ ದಾರಿ ಇದೆ. ಯುರೇನಿಯಂ ನೀರಿನಲ್ಲಿ ಕರಗುತ್ತದೆ, ಥೋರಿಯಂ ಕರಗುವುದೇ ಇಲ್ಲ ಅನ್ನಬಹುದು. ಆದ್ದರಿಂದ ಹೊಸ ಪದರದಲ್ಲಿ ಯುರೇನಿಯಂ ಮಾತ್ರ ಸೇರಿಕೊಳ್ಳುತ್ತದೆ. ಅದು ಒಂದು ಗೊತ್ತಾದ ವೇಗದಲ್ಲಿ ಥೋರಿಯಂ ಆಗುತ್ತಾ ಹೋಗುತ್ತದೆ. ಎರಡರ ಪ್ರಮಾಣ ಅಳೆದರೆ ಪದರದ ವಯಸ್ಸು ಸಿಕ್ಕಿತು. ಮೇಘಾಲಯದ ಮಾವ್ಮ್‌ಲುಹ್ ಗುಹೆಯ ಕಲ್ಲಿನಲ್ಲಿ ಹೀಗೆ ಸುಮಾರು 4,200 ವರ್ಷ ಹಿಂದಿನ ಒಂದು ಬರಗಾಲದ ಗುರುತು ಎಷ್ಟು ಸ್ಪಷ್ಟವಾಗಿ ಕಂಡಿತೆಂದರೆ, ಅಲ್ಲಿಂದ ಇಲ್ಲಿಯವರೆಗಿನ ಭೂಕಾಲಕ್ಕೆ 2018ರಲ್ಲಿ ‘ಮೇಘಾಲಯನ್ ಯುಗ’ ಅಂತಲೇ ಹೆಸರಾಯಿತು.

ಇಷ್ಟಾದರೂ ಒಂದು ಗುಹೆಯನ್ನು ನಂಬಿ ಕೂರಬಾರದು. ಗುಹೆಯೊಳಗೆ ಗಾಳಿಯಾಡಿ ನೀರು ಆವಿಯಾದರೆ ಸುಣ್ಣದ ಗುರುತು ಕೆಡುತ್ತದೆ. ಮಳೆ ತರುವ ಮೋಡ ಅರಬ್ಬೀ ಸಮುದ್ರದ್ದು ಬಿಟ್ಟು ಬಂಗಾಳ ಕೊಲ್ಲಿಯದ್ದಾದರೂ ಆಕ್ಸಿಜನ್ ಲೆಕ್ಕ ಬದಲಾಗುತ್ತದೆ, ಮಳೆಯ ಪ್ರಮಾಣ ಅಷ್ಟೇ ಇದ್ದರೂ. ಹಾಗಾಗಿ ಈ ದೋಷಗಳು ತಟ್ಟದ ಬೇರೊಂದು ದಾಖಲೆ ಬೇಕು.

ಅದು ನೀಲಗಿರಿಯಲ್ಲಿ ಸಿಕ್ಕಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ರಾಮನ್ ಸುಕುಮಾರ್ ಅವರನ್ನು ಆನೆಗಳ ಅಧ್ಯಯನಕ್ಕಾಗಿ ನೀವು ಕೇಳಿರುತ್ತೀರಿ. ನೀಲಗಿರಿಯ ಎತ್ತರದಲ್ಲಿ ಶೋಲಾ ಕಾಡು, ಹುಲ್ಲುಗಾವಲು ಅಕ್ಕಪಕ್ಕ ಇವೆ. ಕಣಿವೆಗಳ ಜೌಗಿನಲ್ಲಿ ಕೊಳೆಯದೆ ಉಳಿದ ಗಿಡದ ಅವಶೇಷ ಸಾವಿರಾರು ವರ್ಷಗಳಿಂದ ಒತ್ತೊತ್ತಾಗಿ ಕೂತಿದೆ. ಮರಗಿಡಗಳು ಬೆಳಕಿನಿಂದ ಆಹಾರ ತಯಾರಿಸುವ ಕ್ರಮ ಒಂದು, ಬಿಸಿಲು-ಬರಕ್ಕೆ ಒಗ್ಗಿದ ಅನೇಕ ಹುಲ್ಲುಗಳದ್ದು ಇನ್ನೊಂದು. ನಿಮ್ಮ ಅಡಿಕೆ, ಭತ್ತ ಮೊದಲನೆಯ ಗುಂಪು. ಜೋಳ, ರಾಗಿ ಎರಡನೆಯದು. ಎರಡೂ ಗುಂಪು ಭಾರದ ಇಂಗಾಲವನ್ನು ಬೇರೆ ಬೇರೆ ಪ್ರಮಾಣದಲ್ಲಿ ತೆಗೆದುಕೊಳ್ಳುತ್ತವೆ. ಗಿಡ ಕೊಳೆತು ಗುರುತು ಸಿಗದಂತಾದರೂ ಆ ಪ್ರಮಾಣ ಮಣ್ಣಿನಲ್ಲಿ ಉಳಿಯುತ್ತದೆ. ಸುಕುಮಾರ್ ಮತ್ತು ಸಂಗಡಿಗರು 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದರು. ಹಿಮಯುಗದ ಕೊನೆಯ ಹೊತ್ತಿಗೆ ಅಲ್ಲಿ ಒಣಹವೆ, ಬರಕ್ಕೆ ಒಗ್ಗಿದ ಹುಲ್ಲು ಜಾಸ್ತಿ. ಆಮೇಲೆ, ಸುಮಾರು 9,000 ವರ್ಷ ಹಿಂದೆ, ಚೆನ್ನಾಗಿ ತೇವ.

ಇಲ್ಲೊಂದು ತಕರಾರು ನೀವೇ ಎತ್ತಬೇಕು. ಸುಕುಮಾರ್ ಅವರ ಲೇಖನದಲ್ಲೂ ಅದೇ ಆರ್. ರಮೇಶ್ ಇದ್ದಾರೆ. ಐಸೋಟೋಪ್ (ಒಂದೇ ಧಾತುವಿನ ಭಾರ-ಹಗುರದ ಪರಮಾಣು) ಅಳತೆಯ ಮನೆಯೂ ಅದೇ. ಇದು ಸ್ವತಂತ್ರ ಸಾಕ್ಷಿ ಹೇಗಾಯಿತು? ಸರಿಯಾದ ಪ್ರಶ್ನೆ. ಅದಕ್ಕೇ ಇನ್ನೂ ದೂರ ಹೋಗಬೇಕು.

ಅರಬ್ಬೀ ಸಮುದ್ರದ ತಳದ ಕೆಸರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಚಿಪ್ಪುಗಳಿವೆ. ಗ್ಲೋಬಿಜೆರಿನಾ ಬುಲಾಯ್ಡಿಸ್ ಅನ್ನುವ ಒಂದು ಜಾತಿ ತಣ್ಣೀರು ಪ್ರಿಯ. ನೈಋತ್ಯದ ಮುಂಗಾರು ಗಾಳಿ ಬಲವಾಗಿ ಬೀಸಿದಾಗ ಒಮಾನ್ ತೀರದಲ್ಲಿ ಕೆಳಗಿನ ತಣ್ಣೀರು ಮೇಲೇಳುತ್ತದೆ, ಆಗ ಈ ಜೀವಿ ಹೆಚ್ಚುತ್ತದೆ. ಸತ್ತ ಮೇಲೆ ಚಿಪ್ಪು ತಳ ಸೇರುತ್ತದೆ. ಕೆಸರಿನ ಯಾವ ಆಳದಲ್ಲಿ ಎಷ್ಟು ಚಿಪ್ಪು ಅಂತ ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತಾರೆ. ಇದು ಮಳೆಯ ಅಳತೆಯಲ್ಲ, ಗಾಳಿಯ ಅಳತೆ. ಎಣಿಸಿದವರು ಸಾಗರ ವಿಜ್ಞಾನಿಗಳು, ಅವರಿಗೆ ನೀಲಗಿರಿಯ ಜೌಗಿನ ಹಂಗಿಲ್ಲ. ಒಮಾನಿನ ಕುನ್ಫ್ ಗುಹೆಯ ಕಲ್ಲು ಓದಿದ ಯುರೋಪಿನ ತಂಡ 2003ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆಯಿತು. ಎಲ್ಲ ಕಡೆಯೂ ಅದೇ ಕತೆ: ಒಂಬತ್ತು ಹತ್ತು ಸಾವಿರ ವರ್ಷ ಹಿಂದೆ ಮುಂಗಾರು ಈಗಿನದಕ್ಕಿಂತ ಬಲವಾಗಿತ್ತು.

ನನಗೆ ಇವತ್ತಿಗೂ ಬೆರಗು ಹುಟ್ಟಿಸುವ ಭಾಗ ಇನ್ನು ಮುಂದಿದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜಾನ್ ಕುಟ್ಸ್‌ಬಾಕ್ ಕೆಸರೂ ತೋಡಲಿಲ್ಲ, ಕಲ್ಲೂ ಸೀಳಲಿಲ್ಲ. ಖಗೋಳದವರ ಲೆಕ್ಕ ತೆಗೆದುಕೊಂಡರು. ಭೂಮಿ ಈಗ ಸೂರ್ಯನಿಗೆ ಅತಿ ಹತ್ತಿರ ಬರುವುದು ಜನವರಿ ಮೊದಲ ವಾರದಲ್ಲಿ. ಕಕ್ಷೆ ನಿಧಾನವಾಗಿ ತಿರುಗುತ್ತಾ ಇರುವುದರಿಂದ 9,000 ವರ್ಷ ಹಿಂದೆ ಅದು ಜುಲೈ ಕೊನೆಗೆ ಬೀಳುತ್ತಿತ್ತು. ಅಂದರೆ ನಮ್ಮ ಬೇಸಿಗೆಯ ಬಿಸಿಲು ಆಗ ಸುಮಾರು ಶೇ 7ರಷ್ಟು ಜಾಸ್ತಿ. ಈ ಬಿಸಿಲನ್ನು ಕಂಪ್ಯೂಟರ್ ಮಾಡೆಲ್‌ಗೆ, ಅಂದರೆ ಗಾಳಿ-ಮಳೆಯ ಚಲನೆಯನ್ನು ಸಮೀಕರಣಗಳಿಂದ ಲೆಕ್ಕ ಹಾಕುವ ಪ್ರೋಗ್ರಾಂಗೆ, ಹಾಕಿದರು. ನೆಲ ಹೆಚ್ಚು ಕಾಯಿತು, ಸಮುದ್ರದ ಗಾಳಿ ಹೆಚ್ಚು ಎಳೆಯಿತು, ಮಾಡೆಲ್‌ನ ಮುಂಗಾರು ಬಲವಾಯಿತು. ಅವರು ಇದನ್ನು ಪ್ರಕಟಿಸಿದ್ದು 1981ರಲ್ಲಿ. ನೀಲಗಿರಿಯ ಲೇಖನ ಬಂದದ್ದು ಅದಾಗಿ ಹನ್ನೆರಡು ವರ್ಷಕ್ಕೆ, ಕುನ್ಫ್ ಗುಹೆಯದ್ದು ಇಪ್ಪತ್ತೆರಡು ವರ್ಷಕ್ಕೆ. ಜೌಗಿನಲ್ಲಿ ತಪ್ಪು ನುಸುಳುವ ದಾರಿ ಬೇರೆ, ಚಿಪ್ಪಿನಲ್ಲಿ ಬೇರೆ, ಮಾಡೆಲ್‌ನಲ್ಲಿ ಇನ್ನೂ ಬೇರೆ. ಮೂರೂ ಒಂದೇ ಕಡೆಗೆ ತಪ್ಪಬೇಕಾದರೆ ಬಹಳ ದೊಡ್ಡ ಕಾಕತಾಳೀಯ ಬೇಕು. ನಮ್ಮ ನಂಬಿಕೆಯೆಲ್ಲ ನಿಂತಿರುವುದು ಇಂಥ ಕಡೆ. ಎಷ್ಟು ಜನ ಹೇಳಿದರು ಅನ್ನುವುದಕ್ಕೆ ನಾನು ಅಷ್ಟು ಬೆಲೆ ಕೊಡುವುದಿಲ್ಲ.

“ಹಾಗಾದರೆ ಹವಾಮಾನ ತಾನಾಗೇ ಬದಲಾಗುತ್ತದೆ, ಮನುಷ್ಯನ ಮೇಲೇಕೆ ತಪ್ಪು ಹೊರಿಸುತ್ತೀರಿ?” ಇದನ್ನು ಕೇಳದೆ ಯಾರೂ ಬಿಡುವುದಿಲ್ಲ. ಕಕ್ಷೆಯ ಬದಲಾವಣೆ ಸಾವಿರಾರು ವರ್ಷದ ಕೆಲಸ, ನೂರೈವತ್ತು ವರ್ಷದಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ. ಈಗಿನ ಬಿಸಿಯೇರಿಕೆಗೆ ಬೇರೆ ಗುರುತುಗಳಿವೆ, ಅವನ್ನು ಹಿಡಿದವರು ರಸಾಯನಶಾಸ್ತ್ರದವರು. ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಹವಾಯಿಯ ಮೌನಾ ಲೋವಾದಲ್ಲಿ ಗಾಳಿಯಲ್ಲಿ ಶಾಖ ಹಿಡಿದಿಡುವ ಇಂಗಾಲದ ಡೈಆಕ್ಸೈಡ್ ಅಳೆಯಲು ಶುರುಮಾಡಿದಾಗ ಅದು ಹತ್ತು ಲಕ್ಷಕ್ಕೆ 315ರ ಆಸುಪಾಸು ಇತ್ತು. 2024ರಲ್ಲಿ ಸುಮಾರು 424. ಅಂಟಾರ್ಕ್ಟಿಕಾದ ಮಂಜಿನಲ್ಲಿ ಸಿಕ್ಕಿಬಿದ್ದ ಗಾಳಿಗುಳ್ಳೆಗಳಲ್ಲಿ 8 ಲಕ್ಷ ವರ್ಷದ ದಾಖಲೆ ಇದೆ. ಅಷ್ಟೂ ಕಾಲದಲ್ಲಿ ಈ ಸಂಖ್ಯೆ 300ರ ಹತ್ತಿರ ಸುಳಿದದ್ದೇ ಅಪರೂಪ.

ಈ ಹೆಚ್ಚುವರಿ ಇಂಗಾಲ ಜ್ವಾಲಾಮುಖಿಯದ್ದೋ ಸಮುದ್ರದ್ದೋ ಆಗಿರಬಾರದೇಕೆ? ಕಾರ್ಬನ್-14 ಅನ್ನುವ ವಿಕಿರಣಶೀಲ ಇಂಗಾಲ 5,730 ವರ್ಷಕ್ಕೆ ಅರ್ಧವಾಗುತ್ತದೆ. ಕಲ್ಲಿದ್ದಲು, ಪೆಟ್ರೋಲ್ ಕೋಟ್ಯಂತರ ವರ್ಷ ಹಳೆಯವು, ಅವುಗಳಲ್ಲಿ ಅದು ಚೂರೂ ಉಳಿದಿಲ್ಲ. ಅವನ್ನು ಸುಟ್ಟರೆ ಗಾಳಿಯಲ್ಲಿ ಕಾರ್ಬನ್-14ರ ಪಾಲು ತೆಳುವಾಗಬೇಕು. ಹಾನ್ಸ್ ಸೂಸ್ 1950ರ ದಶಕದಲ್ಲೇ ಮರದ ಉಂಗುರಗಳಲ್ಲಿ ಇದನ್ನು ಕಂಡರು. ಸಾಲದ್ದಕ್ಕೆ ಗಾಳಿಯಲ್ಲಿ ಆಕ್ಸಿಜನ್ ಚೂರುಚೂರೇ ಇಳಿಯುತ್ತಿದೆ. ಏನನ್ನೋ ಸುಡುತ್ತಿದ್ದರೆ ಮಾತ್ರ ಹಾಗಾಗುತ್ತದೆ, ಸಮುದ್ರವೋ ಜ್ವಾಲಾಮುಖಿಯೋ ಇಂಗಾಲ ಉಗುಳಿದರೆ ಆಗದು. ಉಸಿರಾಟಕ್ಕೆ ತೊಂದರೆಯಾಗುವಷ್ಟು ಇಳಿಕೆ ಅಲ್ಲ, ಅದಕ್ಕೆ ಹೆದರಬೇಡಿ.

ಭೌತವಿಜ್ಞಾನದವರ ಗುರುತು ಇನ್ನೂ ಚೆಂದ. ಸೂರ್ಯನ ಶಾಖವೇ ಹೆಚ್ಚಾಗಿದ್ದರೆ ವಾತಾವರಣ ಮೇಲಿನಿಂದ ಕೆಳಗಿನವರೆಗೆ ಬಿಸಿಯಾಗಬೇಕಿತ್ತು. ಸ್ಯುಕುರೊ ಮನಬೆ ಮತ್ತು ರಿಚರ್ಡ್ ವೆದರಾಲ್ಡ್ 1967ರಲ್ಲಿ ಲೆಕ್ಕ ಹಾಕಿ, ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ಕೆಳಗಿನ ಗಾಳಿ ಬಿಸಿಯಾಗಿ ಅದರ ಮೇಲಿನ ಪದರ ಸ್ಟ್ರಾಟೋಸ್ಫಿಯರ್ ತಣ್ಣಗಾಗುತ್ತದೆ ಅಂದರು. ಉಪಗ್ರಹಗಳು ಆಮೇಲೆ ಕಂಡದ್ದು ಅದನ್ನೇ. ಓಝೋನ್ ಸವೆತದ ಪಾಲೂ ಅದರಲ್ಲಿ ಇದೆ, ಆದರೆ ತೀರಾ ಮೇಲಿನ ಪದರದ ತಂಪಿಗೆ ಮುಖ್ಯ ಕಾರಣ ಇಂಗಾಲದ ಡೈಆಕ್ಸೈಡ್. ಮನಬೆಗೆ 2021ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು. ಬರಬೇಕಾದ್ದು ಎಷ್ಟೋ ಮೊದಲೇ ಅಂತ ನನ್ನ ಅಭಿಪ್ರಾಯ.

ಸಮುದ್ರದ ಬಗ್ಗೆ ಒಂದೇ ಮಾತು. ಹೆಚ್ಚುವರಿ ಶಾಖದ ಶೇ 90ರಷ್ಟು ಹೋಗಿ ಕೂರುವುದು ಅಲ್ಲಿ. ಪ್ರಪಂಚದ ಸಮುದ್ರಗಳಲ್ಲಿ ಸುಮಾರು 4,000 ಆರ್ಗೋ ತೇಲುಯಂತ್ರಗಳಿವೆ. ಅವು 2,000 ಮೀಟರ್ ಆಳದಿಂದ ಹತ್ತು ದಿನಕ್ಕೊಮ್ಮೆ ಮೇಲೆ ಬಂದು ಉಷ್ಣತೆ, ಉಪ್ಪಿನ ಅಂಶ ಉಪಗ್ರಹಕ್ಕೆ ಹೇಳಿ ಮತ್ತೆ ಮುಳುಗುತ್ತವೆ. ನಮ್ಮ ದೇಶದ ಪಾಲಿನ ಈ ಕೆಲಸ ನೋಡಿಕೊಳ್ಳುವುದು ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯಿಸ್.

ಈಗ ಗಣಿತದವರು. 1876–78ರ ಧಾತು ಈಶ್ವರ ಬರದ ಬಗ್ಗೆ ಹಿರಿಯರಿಂದ ಕೇಳಿರಬಹುದು. ಮೈಸೂರು ಸಂಸ್ಥಾನದ ಜನರಲ್ಲಿ ಐದರಲ್ಲಿ ಒಂದು ಪಾಲು ಹೋದರು ಅನ್ನುತ್ತಾರೆ. ಭಾರತದಲ್ಲಿ ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ, ಮರುವರ್ಷವೇ ಈ ಬರ. ಮಳೆ ಯಾಕೆ ಕೈಕೊಟ್ಟಿತು ಅಂತ ಇಲಾಖೆಯ ಮುಖ್ಯಸ್ಥ ಹೆನ್ರಿ ಬ್ಲಾನ್‌ಫರ್ಡ್ ಹುಡುಕುತ್ತಾ ಹೋಗಿ ಹಿಮಾಲಯದ ಹಿಮಕ್ಕೂ ಮುಂಗಾರಿಗೂ ಗಂಟು ಹಾಕಿದರು. 1904ರಲ್ಲಿ ಆ ಕುರ್ಚಿಗೆ ಬಂದ ಗಿಲ್ಬರ್ಟ್ ವಾಕರ್ ಕೇಂಬ್ರಿಡ್ಜಿನ ಗಣಿತಜ್ಞ, ಹವಾಮಾನದ ಅನುಭವ ಏನೂ ಇಲ್ಲ. ಬೂಮರಾಂಗ್ ಎಸೆಯುವುದರಲ್ಲಿ ಭಾರೀ ಆಸಕ್ತಿ ಬೇರೆ. ಅವರು ಗುಮಾಸ್ತರನ್ನು ಕೂರಿಸಿ ಪ್ರಪಂಚದ ಎಲ್ಲೆಲ್ಲಿನ ಒತ್ತಡ, ಮಳೆಯ ಅಂಕಿಗಳನ್ನೆಲ್ಲ ಒಂದಕ್ಕೊಂದು ಹೋಲಿಸಿ ನೋಡಿಸಿದರು. ಶಾಂತ ಸಾಗರದಲ್ಲಿ ಗಾಳಿಯ ಒತ್ತಡ ಏರಿದಾಗ ಹಿಂದೂ ಮಹಾಸಾಗರದಲ್ಲಿ ಇಳಿಯುತ್ತದೆ, ಅಲ್ಲಿ ಇಳಿದರೆ ಇಲ್ಲಿ ಏರುತ್ತದೆ ಅನ್ನುವುದು ಹೊರಬಿತ್ತು. ಇವತ್ತು ನಾವು ಎಲ್ ನಿನೋ (ಶಾಂತ ಸಾಗರದ ನೀರು ಆಗಾಗ ವಾಡಿಕೆಗಿಂತ ಬಿಸಿಯಾಗುವುದು) ಅನ್ನುವುದರ ಅರ್ಧ ಕತೆ ಅದು. 1877ರದ್ದು ಬಹಳ ಬಲವಾದ ಎಲ್ ನಿನೋ ಅಂತ ಈಗ ಗೊತ್ತು. ಹಾಗಂತ ಅಷ್ಟು ಜನ ಸತ್ತದ್ದಕ್ಕೆ ಎಲ್ ನಿನೋ ಒಂದೇ ಕಾರಣವಲ್ಲ. ಬರದ ನಡುವೆಯೂ ಹಡಗು ಹತ್ತಿದ ಧಾನ್ಯ, ಬ್ರಿಟಿಷರ ಜಿಪುಣ ಪರಿಹಾರ ಇವನ್ನೆಲ್ಲ ಕಡತಗಳಿಂದ ತೆಗೆದು ತೋರಿಸಿದವರು ಚರಿತ್ರೆಕಾರರು. ಮಳೆಯ ಕೊರತೆಯೇ ಬೇರೆ, ಕ್ಷಾಮವೇ ಬೇರೆ ಅಂತ ನಮಗೆ ಕಲಿಸಿದ್ದು ಅವರೇ.

ಇವರೆಲ್ಲ ಜಗಳವಾಡುವುದೇ ಇಲ್ಲವಾ ಅಂದರೆ, ಬೇಕಾದಷ್ಟು ಆಡುತ್ತಾರೆ. ಒಂದು ಜಗಳ ನಮ್ಮ ಮುಂಗಾರಿನದ್ದೇ. ಬಿಸಿ ಗಾಳಿ ಹೆಚ್ಚು ತೇವ ಹಿಡಿಯುತ್ತದೆ, ಒಂದು ಡಿಗ್ರಿಗೆ ಸುಮಾರು ಶೇ 7. ಹಾಗಾಗಿ ಭೂಮಿ ಬಿಸಿಯಾದರೆ ಮುಂಗಾರು ಹೆಚ್ಚಬೇಕು ಅಂತ ಮಾಡೆಲ್‌ಗಳು ಹೇಳುತ್ತಿದ್ದವು. ಮಳೆಮಾಪಕಗಳು ತದ್ವಿರುದ್ಧ ಹೇಳಿದವು: 1950ರಿಂದ ಸುಮಾರು 2000ದವರೆಗೆ ಮಧ್ಯ ಮತ್ತು ಉತ್ತರ ಭಾರತದಲ್ಲಿ ಮುಂಗಾರು ಸೊರಗಿತ್ತು. ಹೊಗೆ, ದೂಳಿನ ಕಣಗಳು ಬಿಸಿಲಿಗೆ ಅಡ್ಡ ನಿಂತು ನೆಲ ಕಾಯದಂತೆ ಮಾಡುತ್ತಿವೆ ಅಂತ ಒಂದು ಗುಂಪು 2011ರಲ್ಲಿ ವಾದಿಸಿತು. ಈ ಹೊಗೆಯ ಕಂದು ಮೋಡವನ್ನು ಹಿಂದೂ ಮಹಾಸಾಗರದ ಮೇಲೆ ಅಳೆದ 1999ರ ಇಂಡೋಎಕ್ಸ್ ಪ್ರಯೋಗದ ಮುಂದಾಳುಗಳಲ್ಲಿ ವಿ. ರಾಮನಾಥನ್ ಒಬ್ಬರು. ಅವರು ಓದಿದ್ದು ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲಿ. ಪುಣೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತಿತರರು 2015ರಲ್ಲಿ, ಹಿಂದೂ ಮಹಾಸಾಗರವೇ ಅತಿಯಾಗಿ ಬಿಸಿಯಾಗಿ ನೆಲಕ್ಕೂ ನೀರಿಗೂ ಇದ್ದ ಶಾಖದ ಅಂತರ ಕಡಿಮೆಯಾಯಿತು ಅಂದರು. 2002ರಿಂದೀಚೆಗೆ ಮಳೆ ಮತ್ತೆ ಚೇತರಿಸಿದೆ ಅಂತ 2017ರಲ್ಲಿ ಇನ್ನೊಂದು ಅಧ್ಯಯನ. ಯಾವ ಕಾರಣದ ಪಾಲು ಎಷ್ಟು ಅನ್ನುವುದು ಇನ್ನೂ ಇತ್ಯರ್ಥವಾಗಿಲ್ಲ. ಒಬ್ಬರ ಮಾತನ್ನು ಇನ್ನೊಬ್ಬರು ಸುಮ್ನೆ ಒಪ್ಪುವ ಗುಂಪಿನಲ್ಲಿ ಇಂಥ ಜಗಳ ಹುಟ್ಟಲ್ಲ, ಅಲ್ವಾ?

ಒಪ್ಪಿಗೆ ಇರುವ ವಿಷಯ ನಿಮ್ಮ ತೋಟಕ್ಕೆ ಹೆಚ್ಚು ಹತ್ತಿರದ್ದು. ಬಿ. ಎನ್. ಗೋಸ್ವಾಮಿ ಮತ್ತು ಸಹೋದ್ಯೋಗಿಗಳು 2006ರಲ್ಲಿ ಮಧ್ಯ ಭಾರತದ 1951ರಿಂದ 2000ದವರೆಗಿನ ದಿನದಿನದ ಮಳೆ ಜಾಲಾಡಿದರು. ಮೇಲೆ ಹೇಳಿದ ಅಧ್ಯಯನಕ್ಕಿಂತ ಇವರು ನೋಡಿದ ಸೀಮೆ ಸ್ವಲ್ಪ ಬೇರೆ, ಇಲ್ಲಿ ಒಟ್ಟು ಸರಾಸರಿಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇಲ್ಲ. ಆದರೆ ಭಾರೀ ಮಳೆಯ ದಿನಗಳು ಹೆಚ್ಚಿವೆ, ಹದವಾದ ಮಳೆಯ ದಿನಗಳು ಕಡಿಮೆಯಾಗಿವೆ. ಅದು ಮಧ್ಯ ಭಾರತದ ಲೆಕ್ಕ, ಘಟ್ಟಕ್ಕೆ ಹಾಗೇ ಎತ್ತಿ ಹಾಕಬೇಡಿ. ಪಾಠ ಮಾತ್ರ ಎಲ್ಲ ಕಡೆಗೂ ಒಂದೇ: ಮುಂಗಾರಿನ ಒಟ್ಟು ಇಂಚು ನೋಡಿ ಸಮಾಧಾನಪಡುವ ಹಾಗಿಲ್ಲ. ನಿಮ್ಮ ಕೊಳೆ ರೋಗದ ರೋಗಾಣುವಿಗಂತೂ ಒಟ್ಟು ಇಂಚಿನ ಗೊಡವೆ ಇಲ್ಲ. ಬಿಡದೆ ಎಷ್ಟು ದಿನ ಒದ್ದೆ, ನಡುವೆ ಬಿಸಿಲು ಎಷ್ಟು, ಇದೇ ಅದಕ್ಕೆ ಮುಖ್ಯ. ಮೊದಲ ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆದು ನಲವತ್ತು ದಿನದ ಮೇಲೆ ಎರಡನೆಯದಕ್ಕೆ ಒಂದು ಬಿಡುವು ಸಿಗುತ್ತಾ ಅನ್ನುವುದು ನಿಮಗೆ ಮುಖ್ಯ. ಹವಾಮಾನದವರಿಗೆ ಈ ಪ್ರಶ್ನೆ ತಾನಾಗಿ ಹೊಳೆಯಲ್ಲ. ಸಸ್ಯರೋಗದವರು ಕೇಳಬೇಕು, ಅವರಿಗೆ ನೀವು ಹೇಳಬೇಕು.

ಹಾಗೆ ಕೇಳಿದ ಉದಾಹರಣೆ ಒಂದಿದೆ. ಐಐಎಸ್‌ಸಿಯ ಸುಲೋಚನಾ ಗಾಡ್ಗೀಳ್ ಮುಂಗಾರಿನ ಚಲನೆಯ ಬಗ್ಗೆ ಜಗತ್ತೇ ಓದುವ ಕೆಲಸ ಮಾಡಿದವರು. ಅವರು ಪಾವಗಡ ಸೀಮೆಯ ಶೇಂಗಾ ರೈತರ ಜೊತೆ ಕೂತು, ಬಿತ್ತನೆ ಯಾವಾಗ ಮಾಡಿದರೆ ನಷ್ಟ ಕಡಿಮೆ ಅಂತ ಹಳೇ ಮಳೆಯ ಅಂಕಿಗಳನ್ನೂ ಬೆಳೆಯ ಮಾಡೆಲ್ಲನ್ನೂ ಜೋಡಿಸಿ ಲೆಕ್ಕ ಹಾಕಿದರು. ಯಾವ ಹಂತದಲ್ಲಿ ಒಣಹವೆ ಬಿದ್ದರೆ ಕಾಯಿ ಕಟ್ಟಲ್ಲ, ಯಾವಾಗ ಹುಳ ಬರುತ್ತದೆ ಅನ್ನುವ ಮಾಹಿತಿ ರೈತರದ್ದು. ಇಂಥ ಕೆಲಸ ಇನ್ನೂ ಹತ್ತು ಪಟ್ಟು ಆಗಬೇಕಿತ್ತು, ಆಗಿಲ್ಲ. ಮಾಡೆಲ್ ನಡೆಸುವವರಿಗೆ ಸಿಗುವ ಹೆಸರು ಹೊಲಕ್ಕಿಳಿದವರಿಗೆ ಸಿಗುವುದಿಲ್ಲ, ಅದೂ ಒಂದು ಕಾರಣ.

ಇವೆಲ್ಲ ಒಂದು ಕಡೆ ಸೇರುವುದು ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿಯಾದ ಐಪಿಸಿಸಿಯ ವರದಿಯಲ್ಲಿ. 2021ರಲ್ಲಿ ಬಂದ ಭೌತವಿಜ್ಞಾನದ ಭಾಗವನ್ನು 66 ದೇಶಗಳ 234 ಜನ ಬರೆದರು. 14,000ಕ್ಕೂ ಹೆಚ್ಚು ಅಧ್ಯಯನಗಳನ್ನು ನೋಡಿದರು, 78,000ದಷ್ಟು ಟೀಕೆ-ಟಿಪ್ಪಣಿಗಳಿಗೆ ಉತ್ತರ ಕೊಟ್ಟರು. ಓದಲು ಬಹಳ ಬೇಸರದ ಪುಸ್ತಕ. ಆದರೆ ಪ್ರತಿ ತೀರ್ಮಾನದ ಪಕ್ಕದಲ್ಲಿ ಅದರ ಮೇಲೆ ಎಷ್ಟು ಭರವಸೆ ಇಡಬಹುದು ಅಂತ ಬರೆದಿರುತ್ತಾರೆ. ನಾನು ಮೊದಲು ನೋಡುವುದೇ ಅದನ್ನು.

ಇನ್ನು ಮಗಳ ವಿಷಯ. ಪದವಿಗೇ ‘ಹವಾಮಾನ ಬದಲಾವಣೆ’ ಅನ್ನುವ ಹೆಸರಿನ ಕೋರ್ಸ್ ಹುಡುಕಬೇಡಿ. ಮೊದಲು ಒಂದು ಗಟ್ಟಿ ವಿಷಯ ಓದಲಿ: ಭೌತವಿಜ್ಞಾನ, ಗಣಿತ, ರಸಾಯನ, ಭೂವಿಜ್ಞಾನ, ಸಸ್ಯಶಾಸ್ತ್ರ, ಎಂಜಿನಿಯರಿಂಗ್, ಯಾವುದಾದರೂ ಆದೀತು. ಆಮೇಲೆ ಬೆಂಗಳೂರಿನ ಐಐಎಸ್‌ಸಿ, ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ಐಐಟಿಎಂ, ಅಹಮದಾಬಾದಿನ ಪಿಆರ್‌ಎಲ್, ದೆಹಲಿ ಐಐಟಿ, ಗೋವಾದ ಸಾಗರ ವಿಜ್ಞಾನ ಸಂಸ್ಥೆ ಇಂಥ ಕಡೆ ಸಂಶೋಧನೆಗೆ ಹೋಗಬಹುದು. ವಿಷಯ ಯಾವುದಾದರೂ ಸ್ಟ್ಯಾಟಿಸ್ಟಿಕ್ಸ್ ಬಿಡುವಂತಿಲ್ಲ, ಪೈಥಾನ್‌ನಲ್ಲಿ ಪ್ರೋಗ್ರಾಂ ಬರೆಯಲು ಬರಬೇಕು. ಅಲ್ಲಿಯವರೆಗೆ ಕಾಯಬೇಕೆಂದೂ ಇಲ್ಲ. ನಿಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಮಳೆಯ ಲೆಕ್ಕ ಬರೆದಿಟ್ಟ ಹಳೇ ಡೈರಿಗಳಿರುತ್ತವೆ. ಒಂದು ಡೈರಿಯ ಅಂಕಿಗಳನ್ನು ದಿನಾಂಕ ಸಮೇತ ಎಕ್ಸೆಲ್‌ಗೆ ಹಾಕಿ, ದಿನಕ್ಕೆ ನೂರು ಮಿಲಿಮೀಟರ್ ದಾಟಿದ ಮಳೆ ದಶಕಕ್ಕೆ ಎಷ್ಟು ಅಂತ ಅವಳು ಎಣಿಸಿ ನೋಡಲಿ. ಬರೆಯದೆ ಬಿಟ್ಟ ದಿನಗಳಿಗೆ ಸೊನ್ನೆ ಹಾಕದಿರಲಿ, ಖಾಲಿಯೇ ಬಿಡಲಿ.